ಆರನೇ ನಂಬರಿನ ಉಗುಳು

ಮ್ಯಾಚಿಗೆ ಅರ್ಧ ತಾಸು ಮುಂಚೆ
ರುಬೀನಾ ಮೇಡಂ ಬೆರಳುದ್ದದ ನಳಿಕೆಗಳನ್ನು ತಂದರು,
ವಿಜಯಪುರದಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಐಸಿನ ಡಬ್ಬಿ ಇಟ್ಟುಕೊಂಡು.
‘ಇದರಾಗ ಉಗುಳ್ರಿ,’ ಅಂದರು.
ಬನಹಟ್ಟಿಯಲ್ಲಿ ಉಗುಳಿಗೆ
ಯಾರೂ ಇಷ್ಟು ಮರ್ಯಾದೆ ಕೊಟ್ಟಿದ್ದಿಲ್ಲ.
ಹುಡುಗಿಯರು ನಕ್ಕರು. ನಾನೂ ನಕ್ಕೆ.
ಒಣಗಿದ ಬಾಯಲ್ಲಿ ನಗುವಿನಿಂದಲೇ ಒಂದಿಷ್ಟು ಊರಿತು.

ಜತೆಗೊಂದು ಹಾಳೆ.
ಹೆಸರು ಬೇಡ, ಅಂಗಿಯ ನಂಬರು ಸಾಕು: ಆರು.
ವಯಸ್ಸು: ಇಪ್ಪತ್ತೊಂಬತ್ತು.
ರಾತ್ರಿ ನಿದ್ದೆ: ಮೂರು ತಾಸು ಅಂತ ಬರೆದು, ಹೊಡೆದುಹಾಕಿ, ಏಳು ಮಾಡಿದೆ.
ಆಡುವ ಅಂಗಳ: ತವರು, ಪರಸ್ಥಳ,
ಒಂದಕ್ಕೆ ಗುರುತು ಹಾಕಿ.

ಪೆನ್ನು ಅಲ್ಲೇ ನಿಂತಿತು.
ಪೇಪರಿನವರು ಈ ಮಾತನ್ನು
ಗಂಡಸರ ಆಟಕ್ಕೆ ಯಾವಾಗ ಒಯ್ದರೋ.
ಕುಪ್ಪಸದ ಕಣ ಕೊಟ್ಟು ಕಳಿಸದ ತವರು,
ಕಿಟಕಿಗೆ ಹಣೆ ಹಚ್ಚಿ ಅಳದ ತವರು.
ನನ್ನದು ಇಲ್ಲೇ, ಈ ಗೋಡೆಯಾಚೆ ಎರಡನೇ ಓಣಿ.
ಬೆನ್ನ ಮೇಲೆ ಮಾತ್ರ ಇಳಕಲ್ಲು.

ಪರಸ್ಥಳಕ್ಕೆ ಗುರುತು ಹಾಕಿದೆ.

‘ಏನ್ ಹುಡಕ್ತೀರಿ ಇದರಾಗ?’
‘ಟೆಸ್ಟೋಸ್ಟೆರಾನ್ ರೀ, ಮತ್ತ ಕಾರ್ಟಿಸಾಲ್.
ತನ್ನ ಜಾಗಾ ಕಾಯೂ ಪ್ರಾಣಿಗೆ ಮೊದಲನೇದು ಏರತೈತಿ ಅಂತಾರ.
ಎರಡನೇದು ಜೀವಾ ಡವಡವ ಅಂದಾಗಿಂದು.’
‘ಮೊದಲನೇದು ಗಂಡಸರದಲ್ಲೇನು?’
‘ನಮಗೂ ಚೂರು ಐತಿ,’ ಮುಚ್ಚಳ ತಿರುವುತ್ತ ಅಂದರು,
‘ಯಾರೂ ಹೇಳೂದಿಲ್ಲ ಅಷ್ಟ.’

ಅಂಗಳದ ಮೂರು ಕಡೆ ಪವರ್‌ಲೂಮು.
ನಮ್ಮ ಹುಡುಗಿಯರೂ ನೇಕಾರರೇ, ಆದರೆ ಕುಣಿಮಗ್ಗದವರು,
ಈ ಖಟಾಖಟಿಯಲ್ಲಿ ರೆಫ್ರಿಯ ಸೀಟಿಯೇ ಕೇಳದೆ
ಮೊದಲ ಐದು ನಿಮಿಷಕ್ಕೆ ನಾಲ್ಕು ಪಾಯಿಂಟು ಹೋಯಿತು.
ನಾನು ದಮ್ಮು ಕಲಿತದ್ದೇ ಆ ಸದ್ದಿನೊಳಗೆ:
ಲಾಳಿ ಒಮ್ಮೆ ಹೋಗಿ ಬರುವಷ್ಟರಲ್ಲಿ ಒಂದು ಕಬಡ್ಡಿ.
ಬಣ್ಣದ ನೀರು ಇಂಗಿ
ಎಡಮೂಲೆ ಯಾವಾಗಲೂ ಮೆತ್ತಗೆ, ಅದೂ ಗೊತ್ತು.

‘ಹಿಡೀ ಪಾರಿ, ಬಿಡಬ್ಯಾಡ ಆಕೀನ್ನ!’
ಆಕಿ ಅಂದರೆ ನಾನು.
ಕೂಗಿದವಳು, ಹಿಂದೆ ನನಗೆ ಲಿಂಬೆ ಹೋಳು ಹೆಚ್ಚಿಕೊಡುತ್ತಿದ್ದ
ಕಂಡಿಕೆ ಸುತ್ತುವ ಕೃಷ್ಣಾಬಾಯಿ.
ಅವ್ವ ಮುಂದಿನ ಸಾಲಿನಲ್ಲಿ ಕೂತು
ಎರಡೂ ಕಡೆಯ ಪಾಯಿಂಟಿಗೂ ಚಪ್ಪಾಳೆ ಹೊಡೆಯುತ್ತಿದ್ದಳು,
ಪಕ್ಕದವರು ಮೊಣಕೈಯಿಂದ ತಿವಿದರೂ.

ನಾನು ಗೆರೆ ದಾಟಿದೆ.
ಜನರ ನಡುವಿನಿಂದ ಯಾರೋ
‘ಸುವ್ವೀ!’ ಅಂದರು.
ಹುರಿದುಂಬಿಸಿದ್ದಲ್ಲ, ಬೈದದ್ದೂ ಅಲ್ಲ,
ಸಂತೆಯಲ್ಲಿ ಕಂಡರೆ ಕರೆಯುತ್ತಾರಲ್ಲ, ಹಾಗೆ.
ಇಳಕಲ್ಲಿನಲ್ಲಿ ನಾನು ಸುವರ್ಣಾ.
ಹಿಮ್ಮಡಿಯಿಂದ ಏನೋ ಸರ್ರನೆ ಏರಿತು,
ಒಂದೇ ದಮ್ಮಿಗೆ ಮೂವರು ಔಟು.

ಕೊನೆಯ ರೈಡು. ಒಂದೇ ಪಾಯಿಂಟಿನ ಅಂತರ.
ಕರೆಂಟು ಹೋಯಿತು.
ಮಗ್ಗಗಳು ಒಂದರ ಹಿಂದೊಂದು ನಿಂತವು,
ಅಷ್ಟು ಜನ, ಅಷ್ಟು ಮೌನ,
ನಡುವೆ ನನ್ನ ಕಬಡ್ಡಿ ಕಬಡ್ಡಿ
ಯಾರದೋ ಮನೆಯಲ್ಲಿ ಒಬ್ಬಳೇ ಮಾತಾಡಿಕೊಂಡ ಹಾಗೆ.
ನಾಚಿಕೆಯಾಯಿತು. ಅದೊಂದು ಕ್ಷಣ ಸಾಕಾಯಿತು ಪಾರಿಗೆ.
ಕಾಲ ಮಣಿಕಟ್ಟಿಗೆ ಬಿದ್ದ ಆ ಪಟ್ಟು
ನಮ್ಮ ಹಿತ್ತಲಲ್ಲಿ ನಾನೇ ಕಲಿಸಿದ್ದು, ಕಾಕಾನ ಮಗಳಿಗೆ.
ಮೈಮೇಲೆ ಐದು ಜನ, ಕಿವಿಯ ಹತ್ತಿರ ಅವಳ ಬಾಯಿ:
‘ಅಕ್ಕಾ, ಹತ್ತೇತೇನು?’

ಆಟ ಮುಗಿದ ಮೇಲೆ ಇನ್ನೊಂದು ನಳಿಕೆ.
ಈ ಸಲ ಮಣ್ಣೂ ಬಂತು.

ಎರಡು ತಿಂಗಳಿಗೆ ಫೋನು.
‘ನಿಮ್ಮ ಕಡೆ ಆರು ಮಂದೀದು ಮೊದಲನೇದು ಕಡಿಮಿ ಐತ್ರಿ.
ನಿಮ್ಮದೊಂದು, ಬನಹಟ್ಟಿಯವರಕಿಂತಾ ಮ್ಯಾಲ.
ಎರಡನೇದೂ ಎಲ್ಲರಕಿಂತಾ ಮ್ಯಾಲ.
ನಳಿಕಿ ಅದಲಿಬದಲಿ ಆಗಿರಬೇಕು.
ಆರನೇ ನಂಬರು ಬಿಟ್ಟು ಲೆಕ್ಕಾ ಹಾಕ್ಲ್ಯಾ?’
ಕೈಯೆಲ್ಲ ಹಿಟ್ಟಾಗಿತ್ತು,
ಫೋನು ಭುಜಕ್ಕೂ ಕಿವಿಗೂ ನಡುವೆ.
‘ಹಾಕ್ರಿ,’ ಅಂದೆ.

‘ಯಾರವಾ ಫೋನಿನಾಗ?’ ಒಳಗಿನಿಂದ ಅತ್ತೆ.
ರೊಟ್ಟಿ ತಿರುವಿ ಹಾಕಿದೆ.
‘ತವರಿಂದ,’ ಅಂದುಬಿಟ್ಟೆ.